ಒಬ್ಬರನ್ನೇ ಐದು ಸಲ ಗುರುತಿಸಿದರೆ ಮತದ ಬಲ ಹೆಚ್ಚುವುದಿಲ್ಲ

ಮತಪತ್ರದಲ್ಲಿ ಹಲವರಿಗೆ ಕ್ರಮ ಕೊಡುವಾಗ ಹೇಗೆ ಗುರುತಿಸಬೇಕು, ಗೆಲ್ಲದವರಿಗೆ ಹಾಕಿದರೆ ಮತ ವ್ಯರ್ಥವೇ ಅಂತ ಕೇಳಿದ್ದೀರಿ. ಇದು ನ್ಯೂಯಾರ್ಕ್ ನಗರದ ಮೇಯರ್ ಪ್ರೈಮರಿಯ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಬಗ್ಗೆಯೇ ಅಂದುಕೊಂಡಿದ್ದೇನೆ. ಗೆಳೆಯರ ಜೊತೆ ನಿಮ್ಮ ವಾದ ಹುಟ್ಟಿದ್ದು ಬಹುಶಃ ಎರಡು ಚುನಾವಣೆಗಳ ನಿಯಮ ಬೆರೆತಿದ್ದರಿಂದ: ಪ್ರೈಮರಿಯಲ್ಲಿ ಐವರವರೆಗೆ ಕ್ರಮ ಕೊಡಬಹುದು, ನವೆಂಬರ್‌ನಲ್ಲಿ ಒಬ್ಬರಿಗೇ ಮತ. ಪ್ರೈಮರಿಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಸುತ್ತು ಸುತ್ತಾಗಿ ಎಣಿಸುತ್ತಾರೆ: ಕಡಿಮೆ ಮತ ಪಡೆದವರು ಹೊರಬೀಳುತ್ತಾರೆ, ಅವರಿಗೆ ಬಿದ್ದ ಮತ ಆ ಮತದಾರರ ಮುಂದಿನ ಆಯ್ಕೆಗೆ ಹೋಗುತ್ತದೆ. ಹಾಗಾಗಿ "ಗೆಲ್ಲದವರಿಗೆ ಹಾಕಿದರೆ ಮತ ವ್ಯರ್ಥ" ಅನ್ನುವ ಮಾತು ಪ್ರೈಮರಿಗೆ ಹೊಂದುವುದಿಲ್ಲ.

ಮೊದಲ ಕಾಲಂನಲ್ಲಿ ನಿಜಕ್ಕೂ ಇಷ್ಟವಾದವರನ್ನೇ ಗುರುತಿಸಿ. ಅವರನ್ನೇ ಐದೂ ಕಾಲಂಗಳಲ್ಲಿ ತುಂಬಬೇಡಿ, ಎಣಿಕೆಯಾಗುವುದು ಒಂದೇ ಸಲ. ಅವರು ಹೊರಬಿದ್ದರೆ ನಿಮ್ಮ ಮತವೂ ಅಲ್ಲಿಗೆ ಮುಗಿಯಿತು. ಎರಡರಿಂದ ಐದರೊಳಗೆ, ಕೊನೆಯವರೆಗೆ ಉಳಿಯಬಹುದಾದವರಲ್ಲಿ ನಿಮಗೆ ಒಪ್ಪಿಗೆಯಾಗುವ ಒಬ್ಬರಾದರೂ ಇರಲಿ. ಇದು ತುಂಬಾ ಮುಖ್ಯ: 2021ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಎರಿಕ್ ಆಡಮ್ಸ್ ಕ್ಯಾಥರಿನ್ ಗಾರ್ಸಿಯಾ ವಿರುದ್ಧ ಗೆದ್ದದ್ದು ಬರೀ 7,197 ಮತಗಳಿಂದ, ಆದರೆ ಕೊನೆಯ ಸುತ್ತು ತಲುಪದೇ ಹೋದ ಮತಪತ್ರಗಳು 1.4 ಲಕ್ಷಕ್ಕೂ ಹೆಚ್ಚು. ಕೆಳಗಿನ ಆಯ್ಕೆಗಳು ಮೇಲಿನವರಿಗೆ ಯಾವ ತೊಂದರೆಯನ್ನೂ ಮಾಡುವುದಿಲ್ಲ. ಸುತರಾಂ ಬೇಡವಾದವರ ಹೆಸರನ್ನು ಎಲ್ಲೂ ಗುರುತಿಸಬೇಡಿ.

ಒಂದು ಕಾಲಂ ಖಾಲಿ ಬಿಟ್ಟರೆ ಮುಂದಿನದು ಎಣಿಕೆಗೆ ಬರುತ್ತದೆ. ಒಂದೇ ಕಾಲಂನಲ್ಲಿ ಇಬ್ಬರನ್ನು ಗುರುತಿಸಿದರೆ ಮಾತ್ರ ಆ ಆಯ್ಕೆಯೂ ಅದರ ನಂತರದವೂ ಹೋದವು. ಹಾಗೇನಾದರೂ ಆದರೆ ಸ್ಕ್ಯಾನರ್‌ಗೆ ಹಾಕುವ ಮೊದಲೇ ಸಿಬ್ಬಂದಿಯಿಂದ ಹೊಸ ಮತಪತ್ರ ಕೇಳಿ ಪಡೆಯಿರಿ.