ಚಿಲಕ ಹೊರಗಿನಿಂದ ಹಾಕಿದ್ದರು, ಮೇಷ್ಟ್ರೇ

ಓದುಗರ ಪತ್ರ:

ಹಿಂದಿನ ಸಂಚಿಕೆಯಲ್ಲಿ ಪೂರ್ವ ಜರ್ಮನಿಯಿಂದ ಬಲೂನಿನಲ್ಲಿ ಓಡಿಹೋದ ಎರಡು ಸಂಸಾರಗಳ ಕತೆ ಓದಿದೆ. ಮಹಾವೀರರ ಹಾಗೆ ಬರೆದಿದ್ದೀರಿ. ನಾನು ಎಪ್ಪತ್ತರ ದಶಕದಲ್ಲಿ ಸ್ನೇಹ ನಿಯೋಗದ ಜೊತೆ ಆ ದೇಶಕ್ಕೆ ಹೋಗಿಬಂದವನು. ಅಲ್ಲಿ ಭಿಕ್ಷುಕರಿರಲಿಲ್ಲ. ಎಲ್ಲರಿಗೂ ಕೆಲಸವಿತ್ತು. ಕೂಸುಗಳಿಗೆ ಶಿಶುವಿಹಾರವಿತ್ತು, ಮನೆ ಬಾಡಿಗೆ ಬಹಳ ಕಡಿಮೆ. ಇದೆಲ್ಲ ಬಿಟ್ಟು ಹೋದವರು ಜೀನ್ಸು, ಬಣ್ಣದ ಟಿವಿಯ ಆಸೆಗೆ ಹೋದರು. ಓದಿಸಿ ಬೆಳೆಸಿದ ದೇಶಕ್ಕೆ ಕೈಕೊಟ್ಟವರನ್ನು ಹೊಗಳುವುದು ಸರಿಯೇ?
— ಒಬ್ಬ ನಿವೃತ್ತ ಅಧ್ಯಾಪಕ, ದಾವಣಗೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಕಾಗದದ ಎರಡೂ ಬದಿ ತುಂಬಿಸಿ, ಅಂಚಿನಲ್ಲೂ ಒಂದು ಸಾಲು ಸೇರಿಸಿ ಪತ್ರ ಬರೆಯುವವರು ಈಗ ಎಷ್ಟು ಜನ ಇದ್ದಾರೆ? ಅದಕ್ಕೇ ನಿಮ್ಮ ಪತ್ರಕ್ಕೆ ಈ ಸಲ ಇಡೀ ಪುಟ ಕೊಟ್ಟಿದ್ದೇನೆ. ಜಗಳ ಮಾಡುವುದಕ್ಕೂ ಜಾಗ ಬೇಕಲ್ಲ.

ನೀವು ಕಂಡದ್ದು ಸುಳ್ಳಲ್ಲ. ಶಿಶುವಿಹಾರಗಳಿದ್ದವು, ಹೆಂಗಸರು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತಿದ್ದರು. ಕಮ್ಯೂನಿಸ್ಟರ ಆಳ್ವಿಕೆಯಲ್ಲಿದ್ದ ಪೂರ್ವ ಜರ್ಮನಿ 1990ರಲ್ಲಿ ಪಶ್ಚಿಮ ಜರ್ಮನಿಯ ಜೊತೆ ಒಂದಾದ ಮೇಲೆ ಪೂರ್ವದ ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿದವು, ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡರು. ಒಪ್ಪಿದೆ. ಮುಂದಕ್ಕೆ ಹೋಗೋಣ.

ನೀವು ಕಾಟನ್ ಮಿಲ್ಲುಗಳ ಊರಿನವರು. ಆದ್ದರಿಂದ ಬಟ್ಟೆಯ ವಿಷಯದಿಂದಲೇ ಶುರು ಮಾಡುತ್ತೇನೆ. ಪೋಸ್ನೆಕ್ ಎಂಬ ಸಣ್ಣ ಊರಿನ ಪೀಟರ್ ಸ್ಟ್ರೆಲ್ಜಿಕ್ ಮತ್ತು ಗ್ಯುಂಟರ್ ವೆಟ್ಜೆಲ್ 1978ರಲ್ಲಿ ಬಲೂನಿಗೆಂದು ಮೊದಲು ಕೊಂಡದ್ದು ಹತ್ತಿ ಬಟ್ಟೆ. ಸುಮಾರು 850 ಮೀಟರ್. ಅಂಗಡಿಯವರು ಕೇಳಿದರೆ ಕ್ಯಾಂಪಿಂಗ್ ಕ್ಲಬ್ಬಿನ ಡೇರೆಗೆ ಅಂತ ಉತ್ತರ. ಹಳೇ ಕಾಲು ಮಿಷನ್ನಿನಲ್ಲಿ ಕೂತು ಹೊಲಿದರು. ಬಿಸಿಗಾಳಿ ತುಂಬಿಸಿ ನೋಡಿದರೆ ನಿಲ್ಲಲೇ ಇಲ್ಲ, ಎಲ್ಲ ಸೋರಿಹೋಯಿತು. ಮಿಲ್ಲಿನಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದರು. ಆದರೆ ಕೇಳುವುದು ಯಾರನ್ನ? ಪಕ್ಕದ ಮನೆಯವನೇ ಸ್ಟಾಸಿಗೆ, ಅಂದರೆ ಅಲ್ಲಿನ ಗುಪ್ತ ಪೊಲೀಸರಿಗೆ, ಸುದ್ದಿ ಮುಟ್ಟಿಸುವವನಾಗಿದ್ದರೆ? ಇನ್ನು ಹೊಲಿದ ಬಟ್ಟೆಯನ್ನು ಎಸೆಯುವುದೆಲ್ಲಿ? ಚೂರುಚೂರು ಮಾಡಿ ವಾರಗಟ್ಟಲೆ ಮನೆಯ ಒಲೆಯಲ್ಲೇ ಸುಟ್ಟರು.

ಎರಡನೇ ಸಲ ಬೇರೆ ಬೇರೆ ಬಟ್ಟೆಯ ತುಂಡು ತಂದು, ವ್ಯಾಕ್ಯೂಮ್ ಕ್ಲೀನರ್ ಮತ್ತು ನೀರಿನ ಕೊಳವೆ ಇಟ್ಟುಕೊಂಡು ಯಾವುದು ಗಾಳಿ ತಡೆಯುತ್ತದೆ ಅಂತ ಪರೀಕ್ಷೆ ಮಾಡಿದರು. ಒತ್ತಾಗಿ ನೇಯ್ದ, ನುಣುಪಾದ ಟಫೆಟಾ ಬಟ್ಟೆ ಪರವಾಗಿಲ್ಲ ಅನ್ನಿಸಿತು. ದೂರದ ಲೀಪ್‌ಜಿಗ್‌ಗೆ ಹೋಗಿ 800 ಮೀಟರ್ ತಂದರು. ಈ ಸಲ ಸೇಲಿಂಗ್ ಕ್ಲಬ್ಬಿನ ಹಾಯಿಗೆ ಅಂತ ಸುಳ್ಳು. ನಡುವೆ ವೆಟ್ಜೆಲ್ ಸಂಸಾರ ಹಿಂದೆ ಸರಿಯಿತು. 1979ರ ಜುಲೈಯಲ್ಲಿ ಸ್ಟ್ರೆಲ್ಜಿಕ್ ಸಂಸಾರ ಮಾತ್ರ ಹಾರಿತು. ಮೋಡದ ತೇವಕ್ಕೆ ಬಲೂನು ಭಾರವಾಗಿ, ಗಡಿಗೆ ಇನ್ನೂರು ಮೀಟರ್ ಕೂಡ ಇಲ್ಲ ಅನ್ನುವಾಗ ಕೆಳಗಿಳಿಯಿತು. ಹೇಗೋ ತಪ್ಪಿಸಿಕೊಂಡು ಮನೆ ಸೇರಿದರು. ಅಲ್ಲಿ ಬಿಟ್ಟುಬಂದ ಸಾಮಾನು ಸ್ಟಾಸಿಗೆ ಸಿಕ್ಕಿತು, ಹುಡುಕಾಟ ಶುರುವಾಯಿತು.

ಆಮೇಲೆ ವೆಟ್ಜೆಲ್ ಮತ್ತೆ ಜೊತೆಯಾದ. ಒಂದೇ ಅಂಗಡಿಯಲ್ಲಿ ಜಾಸ್ತಿ ಬಟ್ಟೆ ಕೊಂಡರೆ ಸಿಕ್ಕಿಬೀಳುತ್ತಾರೆ. ಹಾಗಾಗಿ ಊರೂರು ಅಲೆದು ಸ್ವಲ್ಪ ಸ್ವಲ್ಪ ತಂದರು. ಅದಕ್ಕೇ ಆ ಬಲೂನಿಗೆ ಕಂಡಕಂಡ ಬಣ್ಣ. ಸೆಪ್ಟೆಂಬರ್ 16ರ ನಸುಕಿಗೆ ಎಂಟು ಜನ ಹತ್ತಿದರು. ಎರಡು ದಂಪತಿ, ನಾಲ್ಕು ಮಕ್ಕಳು, ಚಿಕ್ಕ ಕೂಸಿಗೆ ಎರಡು ವರ್ಷ. ನಿಲ್ಲಲು ಒಂದೂವರೆ ಮೀಟರೂ ಅಗಲವಿಲ್ಲದ ಹಲಗೆ, ನಾಲ್ಕು ಮೂಲೆಗೆ ಕಂಬ, ಸುತ್ತ ಬಟ್ಟೆ ಒಣಹಾಕುವ ಹಗ್ಗ. ಏರುವಾಗ ಬೆಂಕಿ ಬಟ್ಟೆಗೂ ತಗುಲಿತು, ಆರಿಸಿದರು. 2,000 ಮೀಟರಿಗಿಂತ ಮೇಲೆ, ಕೊರೆಯುವ ಚಳಿಯಲ್ಲಿ 28 ನಿಮಿಷ. ಗ್ಯಾಸು ಮುಗಿದು ಇಳಿದದ್ದು ಪಶ್ಚಿಮ ಜರ್ಮನಿಯ ನೈಲಾ ಊರಿನ ಹತ್ತಿರ.

ಈಗ ಹೇಳಿ, ಎರಡು ವರ್ಷದ ಮಗುವನ್ನು ಆ ಹಲಗೆಯ ಮೇಲೆ ಜೀನ್ಸಿನ ಆಸೆಗೆ ಯಾರಾದರೂ ಹತ್ತಿಸುತ್ತಾರಾ? ಈ ಎರಡು ಸಂಸಾರಗಳು ಹೊಟ್ಟೆಗಿಲ್ಲದವು ಅಲ್ಲ. ಮನೆ ಇತ್ತು, ಕೈಯಲ್ಲಿ ಕೆಲಸವಿತ್ತು. ಸ್ಟ್ರೆಲ್ಜಿಕ್‌ಗೆ ಸ್ವಂತ ಕಾರೂ ಇತ್ತು.

ನಿಮ್ಮ ಪಟ್ಟಿಯಲ್ಲಿ ಎಲ್ಲ ಇದೆ ಮೇಷ್ಟ್ರೇ, ಒಂದು ಬಿಟ್ಟು. 1949ರಿಂದ 1961ರವರೆಗೆ ಆ ದೇಶ ಬಿಟ್ಟು ಹೋದವರು ಸುಮಾರು 27 ಲಕ್ಷ ಜನ. ಅದನ್ನು ನಿಲ್ಲಿಸಲಿಕ್ಕೇ ಬರ್ಲಿನ್ ಗೋಡೆ ಎದ್ದದ್ದು. ಹೊರಗಿನ ಶತ್ರು ಬರದಿರಲಿ ಅಂತ ಗೋಡೆ ಕಟ್ಟಿದ್ದೇವೆ ಎಂದು ಅಲ್ಲಿನ ಸರ್ಕಾರದವರು ಹೇಳಿಕೊಂಡರು. ಹಾಗಿದ್ದರೆ ಎಚ್ಚರಿಕೆಯ ತಂತಿ ತಮ್ಮದೇ ಊರುಗಳ ಕಡೆ ಯಾಕೆ? ಎರಡು ಜರ್ಮನಿಗಳ ನಡುವಿನ ಸುಮಾರು 1,400 ಕಿಲೋಮೀಟರ್ ಗಡಿಯಲ್ಲಿ ನೆಲಬಾಂಬು ಹೂತಿದ್ದರು. ಬೇಲಿ ಮುಟ್ಟಿದರೆ ತಾನೇ ಸಿಡಿಯುವ ಬಂದೂಕು ಕಟ್ಟಿದ್ದರು. ಬೆಚ್ಚಗಿನ ಕೋಣೆ, ಹೊತ್ತಿಗೆ ಸರಿಯಾಗಿ ಊಟ, ಆದರೆ ಚಿಲಕ ಹೊರಗಿನಿಂದ ಹಾಕಿದ್ದರೆ ಆ ಕೋಣೆಗೆ ನಾವು ಏನಂತೀವಿ?

ನಿಮ್ಮ ವಯಸ್ಸಿನವರನ್ನು ಮಾತ್ರ ಹೊರಗೆ ಬಿಡುತ್ತಿದ್ದರು. 1964ರ ಮೇಲೆ, 60 ದಾಟಿದ ಹೆಂಗಸರು, 65 ದಾಟಿದ ಗಂಡಸರು ವರ್ಷಕ್ಕೊಮ್ಮೆ ಪಶ್ಚಿಮದ ನೆಂಟರ ಮನೆಗೆ ಹೋಗಬಹುದಿತ್ತು. ವಾಪಸ್ ಬರದಿದ್ದರೆ ಪೆನ್ಷನ್ ಉಳಿಯಿತು ಅಂತ ಲೆಕ್ಕ ಹಾಕಿರಬೇಕು! ನಿವೃತ್ತರಾದ ನನಗೂ ನಿಮಗೂ ಇದು ಅಷ್ಟೇನೂ ಗೌರವದ ಮಾತಲ್ಲ.

ಇನ್ನು ಉಳಿದವರ ಪಾಡು. ಬಲೂನು ಇಳಿದ ಕೆಲವೇ ಗಂಟೆಗಳಲ್ಲಿ ಸ್ಟ್ರೆಲ್ಜಿಕ್‌ನ ಸಹೋದರನನ್ನು ಹಿಡಿದರು. ಸಹೋದರಿಯನ್ನೂ ಆಕೆಯ ಗಂಡನನ್ನೂ ಬಿಡಲಿಲ್ಲ. ಓಡಿಹೋಗಲು ಸಹಾಯ ಮಾಡಿದ್ದೀರಿ ಅಂತ ಎರಡೂವರೆ ವರ್ಷ ಜೈಲು. ಕೊನೆಗೆ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯವರ ಪ್ರಯತ್ನದಿಂದ ಬಿಡುಗಡೆ. ಅಂಗಡಿಗಳಲ್ಲಿ ಬಲೂನಿಗೆ ಆಗುವಂಥ ಬಟ್ಟೆ ಒಟ್ಟಿಗೆ ಜಾಸ್ತಿ ಸಿಗದ ಹಾಗೆ ಮಾಡಿದರು, ಗ್ಯಾಸ್ ಸಿಲಿಂಡರಿಗೆ ನೋಂದಣಿ ತಂದರು. ಪ್ರಜೆಗಳು ಟಫೆಟಾ ಕೊಂಡರೆ ಹೆದರುವ ಸರ್ಕಾರ!

ನಾನು ಕಮ್ಯೂನಿಸ್ಟರ ಕೆಂಬಾವುಟ ಕಂಡರೆ ಉರಿದುಬೀಳುವವನು ಅಂದುಕೊಳ್ಳಬೇಡಿ. ನಿಮ್ಮೂರಿನಲ್ಲೇ ಪಂಪಾಪತಿಯವರು ಆ ಬಾವುಟ ಹಿಡಿದು, ಮಿಲ್ ಕಾರ್ಮಿಕರ ಜೊತೆ ನಿಂತು, ಓಟು ಕೇಳಿ ಶಾಸಕರಾದವರು. ಪಕ್ಕದ ಕೇರಳದಲ್ಲಿ 1957ರಲ್ಲೇ ಕಮ್ಯೂನಿಸ್ಟರು ಗೆದ್ದು ಬಂದರು. ಆಮೇಲೆ ಎಷ್ಟೋ ಸಲ ಸೋತರು, ಮತ್ತೆ ಗೆದ್ದರು. ಅವರ ಆಳ್ವಿಕೆಯಲ್ಲೇ ಮಲಯಾಳಿಗಳು ಲಕ್ಷಗಟ್ಟಲೆ ಗಲ್ಫಿಗೆ ವಿಮಾನ ಹತ್ತಿದರು. ಯಾವ ಕೆಂಪು ಮಂತ್ರಿಯೂ ಅವರನ್ನು ದ್ರೋಹಿ ಅನ್ನಲಿಲ್ಲ, ಅವರು ಕಳಿಸಿದ ದುಡ್ಡಿನಲ್ಲೇ ಊರೂರಲ್ಲಿ ಮನೆ ಎದ್ದವು. ಬಾವುಟದ ಬಣ್ಣ ಎರಡು ಕಡೆಯೂ ಒಂದೇ. ಇಲ್ಲಿ ಹೋಗುವವರು ಹೋಗಬಹುದಿತ್ತು, ಸರ್ಕಾರವನ್ನೂ ಇಳಿಸಬಹುದಿತ್ತು.

ನಮ್ಮಲ್ಲೂ ಅದು ಸುಮ್ನೆ ಬಂದದ್ದಲ್ಲ. 1967ರವರೆಗೆ ಪಾಸ್‌ಪೋರ್ಟು ಕೊಡುವುದು ಬಿಡುವುದು ಸರ್ಕಾರದ ಮರ್ಜಿಯಾಗಿತ್ತು. ಆ ವರ್ಷ ಒಬ್ಬ ವ್ಯಾಪಾರಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದಿತು. ಐವರು ನ್ಯಾಯಾಧೀಶರಲ್ಲಿ ಮೂವರು ಹೌದು ಅಂದರು, ಇಬ್ಬರು ಒಪ್ಪಲಿಲ್ಲ. ಅಷ್ಟು ತೆಳು ಅಂತರ. ಆದರೂ ಇವತ್ತಿಗೂ ನನ್ನ ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಕಾನ್ಸ್‌ಟೇಬಲ್ 'ಈ ವಯಸ್ಸಲ್ಲಿ ಎಲ್ಲಿಗೆ ಸಾರ್?' ಅಂತ ಕೇಳುತ್ತಾನೆ. ಎಲ್ಲಿಗಾದರೂ ಹೋಗ್ತೀನಪ್ಪ, ನಿನಗ್ಯಾಕೆ?

'ಓದಿಸಿದ ದೇಶಕ್ಕೆ ಕೈಕೊಟ್ಟವರು' ಅಂದಿರಲ್ಲ, ಆ ಮಾತು ನನಗೆ ಬಹಳ ಪರಿಚಯ. ನಮ್ಮ ಸಭೆಗಳಲ್ಲಿ ಹಿರಿಯರು ಮೈಕ್ ಹಿಡಿದು ಪ್ರತಿಭಾ ಪಲಾಯನದ ಬಗ್ಗೆ ಕಣ್ಣೀರು ಹಾಕುತ್ತಾರೆ. ಊಟದ ಪಂಕ್ತಿಗೆ ಬಂದ ಕೂಡಲೇ ಮಗ ಮ್ಯೂನಿಕ್‌ನಲ್ಲಿದ್ದಾನೆ ಅಂತ ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ. ಬಲೂನು ಇಳಿದದ್ದೂ ಅದೇ ಬವೇರಿಯಾ ರಾಜ್ಯದಲ್ಲಿ. ಈಗ ಅಲ್ಲಿ ನಮ್ಮವರು ರಾಜ್ಯೋತ್ಸವ ಮಾಡುತ್ತಾರೆ. ಹೋಗಲಿ, ಚೆನ್ನಾಗಿರಲಿ. ಓದಿಸಿದ ಖರ್ಚಿಗೆ ಮನುಷ್ಯನನ್ನು ಅಡವಿಟ್ಟುಕೊಳ್ಳಲು ಯಾವ ದೇಶಕ್ಕೂ ಹಕ್ಕಿಲ್ಲ. ಮೇಷ್ಟ್ರಿಗೂ ಇಲ್ಲ.

ಇನ್ನೊಂದು ಸಂಗತಿ ನಿಮಗೆ ಇಷ್ಟವಾಗಬಹುದು. 1948ರ ಮಾನವ ಹಕ್ಕುಗಳ ಘೋಷಣೆಯ 13ನೇ ವಿಧಿಯಲ್ಲಿ ದೇಶ ಬಿಟ್ಟು ಹೋಗುವ ಹಕ್ಕಿನ ಜೊತೆಗೇ ವಾಪಸ್ ಬರುವ ಹಕ್ಕೂ ಇದೆ. ಸ್ಟ್ರೆಲ್ಜಿಕ್ ದಂಪತಿ ಪಶ್ಚಿಮದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟರು. ಸ್ಟಾಸಿಯ ಕಾಟ ಅಲ್ಲಿಗೂ ಬಂದಾಗ ಸ್ವಿಟ್ಜರ್ಲೆಂಡಿಗೆ ಹೋದರು. ಗೋಡೆ ಬಿದ್ದು ದೇಶ ಒಂದಾದ ಮೇಲೆ ಎಲ್ಲಿಗೆ ಬಂದರು ಗೊತ್ತಾ? ಪೋಸ್ನೆಕ್‌ನ ಅದೇ ಹಳೇ ಮನೆಗೆ. ಊರಿನ ಮೇಲೆ ಅವರಿಗೆ ಸಿಟ್ಟಿರಲಿಲ್ಲ.

ನಿಮ್ಮಿಂದ ನನಗೊಂದು ಲೇಖನ ಬೇಕು. ಎಪ್ಪತ್ತರ ದಶಕದ ಆ ಪ್ರವಾಸವನ್ನು ಬರೆಯಿರಿ. ಶಿಶುವಿಹಾರ, ಕಾರ್ಖಾನೆ, ಊಟ ಎಲ್ಲ ಇರಲಿ. ಆದರೆ ನಿಮಗೆ ಊರು ತೋರಿಸಲು ಒಬ್ಬ ಗೈಡ್ ಇದ್ದಿರಬೇಕಲ್ಲ, ಆತನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಿರಿ. ನಿಮ್ಮ ಜೇಬಿನಲ್ಲಿ ವಾಪಸ್ ಟಿಕೆಟ್ ಇತ್ತು. 'ದಾವಣಗೆರೆ ಹೇಗಿದೆ, ನಾನೂ ಒಮ್ಮೆ ನೋಡಬೇಕು' ಅಂತ ಆತ ಯಾವತ್ತಾದರೂ ಅಂದನಾ? ಅಂದಿದ್ದರೆ ನೀವೇನು ಹೇಳಿದಿರಿ? ಮುಂದಿನ ತಿಂಗಳ 20ರೊಳಗೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ಸೇರಿಸುತ್ತೇನೆ. ಒಂದು ಸಾಲನ್ನೂ ಕತ್ತರಿಸುವುದಿಲ್ಲ.