ಬಿಂಬುಳಿ ದೀಪ ಉಜ್ಜಲು ಒಳ್ಳೆಯದು, ಕುಡಿಯಲು ಅಲ್ಲ

ಮಣಿಪಾಲದಲ್ಲಿ ಹೊಸದಾಗಿ ಬಾಡಿಗೆ ಮನೆ ಮಾಡಿದ್ದೇವೆ ಅಂತ ಬರೆದಿದ್ದೀರಿ. ಪಾತ್ರೆಗೆ, ಮುಖಕ್ಕೆ, ತಲೆಗೆ, ಕೆಮ್ಮಿಗೆ, ಎಲ್ಲದಕ್ಕೂ ಅಡುಗೆಮನೆಯ ಸಾಮಾನೇ ಸಾಕು ಅಂತ ಎಲ್ಲರೂ ಹೇಳುತ್ತಾರೆ, ಇದರಲ್ಲಿ ನಿಜವಾಗಿ ಯಾವುದು ಕೆಲಸ ಮಾಡುತ್ತದೆ ಅಂತ ಕೇಳಿದ್ದೀರಿ. ಅತ್ತೆ ಕೊಟ್ಟ ಹಿತ್ತಾಳೆ ದೀಪ ಕಪ್ಪಾಗಿದೆ, ಬಿಳಿ ಕಾಟನ್ ಸೀರೆಗೆ ಅರಿಶಿನದ ಕಲೆ ಬೇರೆ ಆಗಿದೆ ಅಂದಿದ್ದೀರಿ. ನಾನು ಶಂಕರಪುರದ ಕಡೆಯವಳು. ಇಪ್ಪತ್ತು ವರ್ಷದಿಂದ ಇಲ್ಲೇ ಸಂಸಾರ ಮಾಡಿಕೊಂಡಿದ್ದೇನೆ. ಮಾಡಿ ನೋಡಿದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲು ದೀಪ. ಹಿತ್ತಿಲು ಇರುವ ಯಾರದ್ದಾದರೂ ಮನೆಯಲ್ಲಿ ಬಿಂಬುಳಿ ಉಂಟಾ ಅಂತ ಕೇಳಿ. ಮರದ ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುವ, ಬೆರಳುದ್ದದ ಹಸಿರು ಕಾಯಿ. ನಮ್ಮೂರಲ್ಲಿ ಬಿಂಬುಳಿಯನ್ನು ಯಾರೂ ಅಂಗಡಿಯಿಂದ ತರುವುದಿಲ್ಲ. ಒಂದು ಮರ ಇದ್ದರೆ ಆ ಮನೆಯವರಿಗೆ ಖರ್ಚು ಮಾಡಲಿಕ್ಕೇ ಆಗದಷ್ಟು ಬಿಡುತ್ತದೆ. ಕೇಳಿದರೆ ತೊಟ್ಟೆ ತುಂಬಿಸಿ ಕೊಡುತ್ತಾರೆ.

ದೀಪಕ್ಕೆ ನೇರವಾಗಿ ಹುಳಿ ಹಚ್ಚಬೇಡಿ. ಎಷ್ಟೋ ಜನ ತಪ್ಪುವುದು ಇಲ್ಲೇ. ದೀಪದ ಬಟ್ಟಲಲ್ಲಿ ಹಳೆ ಎಣ್ಣೆ ಗಟ್ಟಿಯಾಗಿ ಅಂಟಿರುತ್ತದೆ. ಆ ಜಿಡ್ಡು ಇರುವ ತನಕ ಹುಳಿ ಲೋಹಕ್ಕೆ ತಾಗುವುದೇ ಇಲ್ಲ. ಮೊದಲು ಬಿಸಿನೀರು ಹೊಯ್ದು, ಕಡಲೆಹಿಟ್ಟು ಹಾಕಿ ಉಜ್ಜಿ ಜಿಡ್ಡು ತೆಗೆಯಿರಿ. ಹಿಟ್ಟು ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ. ಆಮೇಲೆ ಎರಡು ಬಿಂಬುಳಿ ಜಜ್ಜಿ, ಮೇಲೆ ಚಿಟಿಕೆ ಕಲ್ಲುಪ್ಪು ಹಾಕಿ, ಆ ಕಾಯಿಯಿಂದಲೇ ಉಜ್ಜಿ. ಕೈಯಡಿಯಲ್ಲಿ ರಸ ಕಂದು ಹಸಿರಾಗಿ ಕೊಳೆಯಾಗುತ್ತದೆ. ಅದನ್ನು ಹೆಬ್ಬೆರಳಲ್ಲಿ ಸರಿಸಿದರೆ ಕೆಳಗೆ ಹಳದಿ ಗೆರೆಯೊಂದು ಕಾಣಿಸುತ್ತದೆ. ಅದನ್ನು ನೋಡಿದ ಮೇಲೆ ಕೈ ನಿಲ್ಲುವುದಿಲ್ಲ. ಕೆತ್ತನೆಯ ಸಂದಿಗೆ ತೆಂಗಿನ ನಾರು, ಅಥವಾ ಹಳೇ ಟೂತ್‌ಬ್ರಷ್.

ಹಿತ್ತಾಳೆಯಲ್ಲಿರುವ ತಾಮ್ರ ಗಾಳಿಗೆ, ತೇವಕ್ಕೆ ಸಿಕ್ಕಿ ಮೇಲೆ ಕಪ್ಪು ಪದರ ಕಟ್ಟುತ್ತದೆ. ಹುಳಿ ಆ ಪದರವನ್ನು ಕರಗಿಸುತ್ತದೆ, ಅಷ್ಟೇ ವಿಷಯ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ, ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ. ಬಿಂಬುಳಿ ಸಿಗದಿದ್ದರೆ ಸಾರಿಗೆ ಹಿಂಡಿ ಉಳಿದ ಹುಣಸೆ ಸಿಪ್ಪೆಯೂ ಆಗುತ್ತದೆ. ಆದರೆ ಹುಳಿ ಹಚ್ಚಿ ರಾತ್ರಿಯಿಡೀ ಬಿಡಬೇಡಿ. ಹುಳಿ ಹಿತ್ತಾಳೆಯಲ್ಲಿ ತಾಮ್ರದ ಜೊತೆ ಇರುವ ಸತುವನ್ನು ಎಳೆದುಕೊಂಡು ಅಲ್ಲಲ್ಲಿ ಕೆಂಪು ಮಚ್ಚೆ ಉಳಿಯುತ್ತದೆ. ಐದು ಹತ್ತು ನಿಮಿಷ ಸಾಕು. ತೊಳೆದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ನೀರು ಹಾಗೇ ಆರಿದರೆ ನಾಳೆಯೇ ಮತ್ತೆ ಕಿಲುಬು. ಮೇಲೆ ಪಾಲಿಶ್ ಲೇಪ ಇರುವ ಶೋಕೇಸಿನ ಸಾಮಾನಿಗೆ ಇದು ಬೇಡ. ಅಡುಗೆಕಟ್ಟೆ ಕಡಪ ಕಲ್ಲಿನದ್ದೋ ಮಾರ್ಬಲಿನದ್ದೋ ಆಗಿದ್ದರೆ ಅದರ ಮೇಲಿಟ್ಟು ಉಜ್ಜಬೇಡಿ. ಹುಳಿ ಬಿದ್ದ ಜಾಗದ ಹೊಳಪು ಹೋಗುತ್ತದೆ.

ಈಗ ನಾನು ಈ ಉತ್ತರ ಬರೆಯಲು ಕೂತ ನಿಜವಾದ ಕಾರಣ ಹೇಳುತ್ತೇನೆ. ನಮ್ಮ ಸಂಬಂಧದಲ್ಲಿ ಒಬ್ಬ ಮಾವ ಇದ್ದಾರೆ. ಕೊಲೆಸ್ಟರಾಲ್ ಇಳಿಯುತ್ತದೆ ಅಂತ ಮೊಬೈಲಿಗೆ ಬಂದ ಮೆಸೇಜು ನೋಡಿ, ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಬಿಂಬುಳಿ ರಸ ಕುಡಿಯಲು ಶುರು ಮಾಡಿದರು. ಮನೆಯಲ್ಲೇ ಬಿಟ್ಟ ಕಾಯಿ, ಮದ್ದು ಹೊಡೆದದ್ದಲ್ಲ, ಏನಾಗುತ್ತದೆ ಅಂತ ಎಲ್ಲರೂ ಸುಮ್ಮನಿದ್ದೆವು. ನಾನೂ ಸುಮ್ಮನಿದ್ದೆ. ನಾಲ್ಕನೇ ದಿನ ವಾಂತಿ, ಸೊಂಟನೋವು. ಮೂತ್ರ ತೀರಾ ಕಡಿಮೆಯಾಯಿತು. ಆಸ್ಪತ್ರೆಗೆ ಹೋದಾಗ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಶ, ಎಷ್ಟೋ ಪಟ್ಟು ಏರಿತ್ತು. ಡಯಾಲಿಸಿಸ್ ಮಾಡಬೇಕಾಯಿತು. "ಹೊಸತಾಗಿ ಏನಾದರೂ ತಿಂದಿರಾ, ಕುಡಿದಿರಾ?" ಅಂತ ಡಾಕ್ಟರು ಕೇಳಿದಾಗಲೇ ನಮಗೆ ಬಿಂಬುಳಿ ನೆನಪಾದದ್ದು. ದೇವರ ದಯೆ, ಈಗ ಹುಷಾರಾಗಿದ್ದಾರೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟ 10 ಜನರ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಿದ್ದಾರೆ. ಅವರಲ್ಲಿ 7 ಜನರಿಗೆ ಡಯಾಲಿಸಿಸ್ ಬೇಕಾಗಿತ್ತು. ದೀಪದ ಕಪ್ಪು ತೆಗೆದ ಅದೇ ಆಕ್ಸಾಲಿಕ್ ಆಮ್ಲ ಒಟ್ಟಿಗೇ ಜಾಸ್ತಿ ಒಳಗೆ ಹೋದರೆ ಸುಣ್ಣದ ಅಂಶದ ಜೊತೆ ಸೇರಿ ಹರಳಾಗಿ ಕಿಡ್ನಿಯ ಸಣ್ಣ ನಳಿಕೆಗಳಲ್ಲಿ ಕೂರುತ್ತದೆ. ಬೂತಾಯಿ ಮೀನಿನ ಸಾರಿಗೆ ನಾಲ್ಕು ಕಾಯಿ ಹಾಕುವುದು, ಊಟಕ್ಕೆ ಸ್ವಲ್ಪ ಉಪ್ಪಿನಕಾಯಿ ನೆಂಚಿಕೊಳ್ಳುವುದು ಬೇರೆ, ಲೋಟಗಟ್ಟಲೆ ರಸ ಹಿಂಡಿ ಕುಡಿಯುವುದು ಬೇರೆ. ಕಿಡ್ನಿ ತೊಂದರೆ ಮೊದಲೇ ಇದ್ದವರು ಸಾರಿಗೂ ಹಾಕದಿರುವುದು ಒಳ್ಳೆಯದು. ಮನೆಯಲ್ಲಿ ಬೆಳೆದದ್ದು ಅಂದ ಮಾತ್ರಕ್ಕೆ ಎಷ್ಟು ಕುಡಿದರೂ ನಡೆಯುತ್ತದೆ ಅಂತ ಅಲ್ಲ. ಈ ಒಂದು ಮಾತು ನಾಲ್ಕು ಜನರಿಗೆ ತಲುಪಿದರೂ ನನಗೆ ಸಮಾಧಾನ.

ಹೊರಗಿನ ಕೆಲಸಕ್ಕೆ ಬನ್ನಿ, ಅಲ್ಲಿ ಧೈರ್ಯವಾಗಿ ಬಳಸಬಹುದು. ಬಂಗುಡೆ ತುಂಡು ಮಾಡಿದ ಮೇಲೆ ಕೈ ವಾಸನೆ ಹೋಗುವುದಿಲ್ಲ ಅಲ್ವಾ? ಸೋಪು ಎರಡು ಸಲ ಹಾಕಿದರೂ ಇರುತ್ತದೆ. ಹುಣಸೆ ನೀರಿನಲ್ಲೋ ನಿಂಬೆ ಸಿಪ್ಪೆಯಲ್ಲೋ ಕೈ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಮೀನಿನ ವಾಸನೆ ಕೊಡುವ ವಸ್ತು ಕ್ಷಾರದ ಗುಣದ್ದು. ಹುಳಿ ಅದನ್ನು ಗಾಳಿಗೆ ಏಳದ ಹಾಗೆ ಕಟ್ಟಿಹಾಕುತ್ತದೆ.

ಹಲಸಿನಕಾಯಿ ಕೊಯ್ಯುವ ದಿನ ತೆಂಗಿನೆಣ್ಣೆ ಬೇಕೇ ಬೇಕು. ಕೈಗೂ ಕತ್ತಿಗೂ ಮೊದಲೇ ಹಚ್ಚಿಕೊಳ್ಳಿ. ಮಯಣ, ಅಂದರೆ ಹಲಸಿನ ಅಂಟು, ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಮಾತ್ರ ಬಿಡುತ್ತದೆ. ಬಾಡಿಗೆ ಮನೆಯ ಸಿಂಕಿಗೆ ಮಯಣ ಅಂಟಿಸಿಕೊಂಡರೂ ಮದ್ದು ಅದೇ, ಎಣ್ಣೆ ಹಚ್ಚಿ ಕಾಗದದಲ್ಲಿ ಒರೆಸಿ ತೆಗೆಯುವುದು.

ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ನಮ್ಮಲ್ಲಿ ಮಲ್ಲಿಗೆ ಗಿಡಕ್ಕೆ. ಶಂಕರಪುರ ಅಂದರೆ ಮಲ್ಲಿಗೆಯ ಊರು, ಉಡುಪಿ ಮಲ್ಲಿಗೆಗೆ ಜಿಐ ಮಾನ್ಯತೆಯೂ ಉಂಟು. ಹಾಗಾಗಿ ಈ ನೀರನ್ನು ಚೆಲ್ಲುವುದು ಅಂದರೆ ಅತ್ತೆಗೆ ಸಿಟ್ಟು ಬರುತ್ತದೆ. ನಿಮ್ಮ ಬಾಲ್ಕನಿಯ ಕುಂಡಕ್ಕೂ ಹಾಕಿ. ಅವತ್ತಿನದು ಅವತ್ತೇ, ಹುಳಿ ಬರುವ ತನಕ ಇಡಬೇಡಿ.

ಕಾಟನ್ ಸೀರೆಗೆ ಗಂಜಿ ಹಾಕುವ ವಿಷಯದಲ್ಲಿ ಒಂದು ಸೂಕ್ಷ್ಮ ಉಂಟು. ನಮ್ಮಲ್ಲಿ ದಿನಾ ಬೇಯುವುದು ಕುಚ್ಚಲಕ್ಕಿ. ಅದರ ತಿಳಿಗೆ, ಅಂದರೆ ಬಸಿದ ಗಂಜಿನೀರಿಗೆ, ತಿಳಿಗೆಂಪು ಬಣ್ಣ ಇರುತ್ತದೆ. ಗಾಢ ಬಣ್ಣದ ಸೀರೆಗೆ ಪರವಾಗಿಲ್ಲ. ಬಿಳಿ ಪಂಚೆ, ಬಿಳಿ ಸೀರೆಗೆ ಬೆಳ್ತಿಗೆ ಅಕ್ಕಿಯ, ಅಂದರೆ ಬಿಳಿ ಅಕ್ಕಿಯ ತಿಳಿಯನ್ನೇ ತೆಗೆಯಬೇಕು. ತೆಳು ಬಟ್ಟೆಯಲ್ಲಿ ಸೋಸಿ, ಒಂದು ಪಾಲು ತಿಳಿಗೆ ಮೂರು ಪಾಲು ನೀರು ಸೇರಿಸಿ ಅದ್ದಿ. ಜೂನ್ ಬಂದ ಮೇಲೆ ಗಂಜಿ ನಿಲ್ಲಿಸಿಬಿಡಿ. ಈ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಗಂಜಿ ಹಾಕಿದ ಸೀರೆ ಕಪಾಟಿನಲ್ಲಿ ಇಟ್ಟರೆ ಬೂಸ್ಟು ಹಿಡಿಯುತ್ತದೆ.

ಮಳೆಗಾಲದ ಇನ್ನೊಂದು ಎಚ್ಚರಿಕೆ. ಅಂಗಳದ, ಮೆಟ್ಟಿಲಿನ ಪಾಚಿಗೆ ಇಲ್ಲಿ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಅದರ ಜೊತೆ ವಿನೆಗರ್, ನಿಂಬೆ, ಹುಣಸೆ, ಯಾವ ಹುಳಿಯನ್ನೂ ಸೇರಿಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ, ಉಸಿರಾಡಲು ಆಗುವುದಿಲ್ಲ. ಮುಚ್ಚಿದ ಬಚ್ಚಲುಮನೆಯಲ್ಲಿ ಜೀವಕ್ಕೇ ಅಪಾಯ. ಇನ್ನು ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಬರಿಸಿ ತೋರಿಸುವ ವಿಡಿಯೋಗಳು. ಅದರಲ್ಲಿ ಅಪಾಯ ಇಲ್ಲ, ಆದರೆ ಒಂದನ್ನೊಂದು ಕೊಂದು ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಜಿಡ್ಡಿಗೆ ಸೋಡಾ ಬೇರೆ, ನೀರಿನ ಬಿಳಿ ಕಲೆಗೆ ವಿನೆಗರ್ ಬೇರೆ, ಹೀಗೆ ಬಳಸಿದರೆ ಎರಡೂ ಕೆಲಸ ಮಾಡುತ್ತವೆ.

ಮುಖದ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮದುವೆಗೆ ಮುಂಚೆ ಬಣ್ಣ ಬರಲಿ ಅಂತ ನಿಂಬೆರಸ ಹಚ್ಚಿಕೊಂಡೆ. ಸರಿಯಾಗಿ ತೊಳೆಯದೆ ಅಂಗಳದಲ್ಲಿ ಹಪ್ಪಳ ಒಣಗಿಸಲು ಕೂತೆ. ಎರಡು ದಿನ ಬಿಟ್ಟು ಕೆನ್ನೆಯಲ್ಲೂ ಮುಂಗೈಯಲ್ಲೂ ಸುಟ್ಟ ಹಾಗೆ ಉರಿ, ಆಮೇಲೆ ರಸ ಹರಿದ ಗೆರೆಯಲ್ಲೇ ಕಪ್ಪು ಕಲೆ. ಮದುವೆಯ ಫೋಟೋದಲ್ಲೂ ಅದು ಕಾಣುತ್ತದೆ. ಹೋಗಲು ತಿಂಗಳುಗಟ್ಟಲೆ ಬೇಕಾಯಿತು. ನಿಂಬೆ ಸಿಪ್ಪೆಯಲ್ಲೂ ರಸದಲ್ಲೂ ಬಿಸಿಲಿಗೆ ಚರ್ಮ ಸುಡುವಂತೆ ಮಾಡುವ ಅಂಶ ಇರುತ್ತದೆ. ಯಾರು ಏನೇ ಹೇಳಲಿ, ಮುಖಕ್ಕೆ ನಿಂಬೆ ಬೇಡ. ಹೆಸರುಕಾಳಿನ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಹಚ್ಚಿ ತೊಳೆದುಕೊಳ್ಳಿ, ಅದು ಸೌಮ್ಯ. ಬಣ್ಣ ಬದಲಾಗುವುದಿಲ್ಲ, ಬದಲಾಗಬೇಕಾದ ಅಗತ್ಯವೂ ಇಲ್ಲ.

ಒಡೆದ ಹಿಮ್ಮಡಿಗೆ ಪುನರ್ಪುಳಿ (ಕೋಕಮ್) ಬೀಜದ ಎಣ್ಣೆಯಂಥದ್ದು ಇನ್ನೊಂದಿಲ್ಲ. ಉತ್ತರ ಕನ್ನಡದವರು ಇದನ್ನು ಮುರುಗಲ ತುಪ್ಪ ಅನ್ನುತ್ತಾರೆ. ಹೆಸರಿಗೆ ಎಣ್ಣೆ, ನೋಡಲು ಗಟ್ಟಿ ಮೇಣದ ಉಂಡೆ. ಕರಗಲು ಹತ್ತಿರ ಹತ್ತಿರ 40 ಡಿಗ್ರಿ ಬಿಸಿ ಬೇಕು. ಚಮಚೆಯಲ್ಲಿ ಇಟ್ಟು ದೀಪದ ಮೇಲೆ ಹಿಡಿದು ಕರಗಿಸಿ, ಉಗುರುಬೆಚ್ಚಗೆ ಆದಾಗ ರಾತ್ರಿ ಬಿರುಕಿಗೆ ತುಂಬಿ. ಅದು ಒಳಗೇ ಗಟ್ಟಿಯಾಗಿ ಕೂರುತ್ತದೆ, ಹಾಸಿಗೆಗೆ ಹರಿಯುವುದಿಲ್ಲ. ಮೇಲೊಂದು ಕಾಲುಚೀಲ ಹಾಕಿ. ವಾರದಲ್ಲಿ ನಡೆಯುವಾಗಿನ ನೋವು ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಹಿಮ್ಮಡಿಯ ಗಾಯವನ್ನು ಡಾಕ್ಟರಿಗೆ ತೋರಿಸಲೇಬೇಕು.

ತಲೆಗೆ ತೆಂಗಿನೆಣ್ಣೆ ಹಚ್ಚಿದರೆ ಕೂದಲು ಹೊಸತಾಗಿ ಹುಟ್ಟುವುದಿಲ್ಲ. ಇದ್ದ ಕೂದಲು ತುಂಡಾಗುವುದು ಕಡಿಮೆಯಾಗುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ್ದರು. ಕೂದಲಿನ ಪ್ರೋಟೀನ್ ನಷ್ಟ ಕಡಿಮೆಯಾದದ್ದು ತೆಂಗಿನೆಣ್ಣೆಯಿಂದ ಮಾತ್ರ. ಮಾಡಿದವರು ತೆಂಗಿನೆಣ್ಣೆ ಮಾರುವ ಕಂಪನಿಯವರೇ, ಅದೂ ಗೊತ್ತಿರಲಿ. ತಲೆಯಲ್ಲಿ ಹೊಟ್ಟು ಇದ್ದರೆ ಬುಡಕ್ಕೆ ಎಣ್ಣೆ ಬೇಡ, ಹೊಟ್ಟಿಗೆ ಕಾರಣವಾದ ಶಿಲೀಂಧ್ರ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ಎಣ್ಣೆ ತೆಗೆಯಲು ದಾಸವಾಳದ ಎಲೆ ಕಿವುಚಿದ ಲೋಳೆ ಒಳ್ಳೆಯದು. ಸೋಸಿ ಹಾಕಿ, ಇಲ್ಲದಿದ್ದರೆ ಎಲೆಚೂರು ಕೂದಲಲ್ಲಿ ಉಳಿಯುತ್ತದೆ.

ಕೆಮ್ಮಿಗೆ ನಮ್ಮಲ್ಲಿ ಸಾಂಬಾರಬಳ್ಳಿ (ದೊಡ್ಡಪತ್ರೆ) ಎಲೆ ಬಾಡಿಸಿ ಹಿಂಡಿ, ಆ ರಸಕ್ಕೆ ಜೇನು ಸೇರಿಸಿ ಕೊಡುತ್ತೇವೆ. ಗಂಟಲಿಗೆ ಹಿತ. ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನಾಲಿಗೆಗೂ ತಾಗಿಸಬಾರದು, ಬೊಟುಲಿಸಂ ಎಂಬ ಕಾಯಿಲೆ ಬರಬಹುದು. ಭೇದಿಗೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮತಟ್ಟಾಗಿ ಅಳೆದದ್ದು. ಉಪ್ಪು ಜಾಸ್ತಿಯಾಗಬಾರದು. ಸುಟ್ಟ ಗಾಯಕ್ಕೆ ಅಡುಗೆಮನೆಯ ಯಾವುದೂ ಬೇಡ, ಟೂತ್‌ಪೇಸ್ಟೂ ಬೇಡ. 20 ನಿಮಿಷ ನಳ್ಳಿಯ ತಣ್ಣೀರು ಹರಿಯಬಿಡಿ.

ಆಟಿ ಅಂದರೆ ತುಳುವಿನ ಒಂದು ತಿಂಗಳು. ಆಟಿ ಅಮಾವಾಸ್ಯೆಗೆ ನೆರೆಮನೆಯವರು ಹಾಲೆ ಮರದ ಕಷಾಯ ಕೊಟ್ಟರೆ, ತೊಗಟೆ ತಂದವರಿಗೆ ಮರದ ಗುರುತು ಸರಿಯಾಗಿ ಉಂಟಾ ಅಂತ ಕೇಳಿ. ಕತ್ತಲೆಯಲ್ಲಿ ಹೋಗಿ ತರುವ ತೊಗಟೆ ಅದು. ತಪ್ಪಿ ಕಾಸರಕ ಎಂಬ ಮರದ ತೊಗಟೆ ಬಂದರೆ ವಿಷ. ಆಮೇಲೆ ಕೊಡುವ ಮೆಂತೆ ಗಂಜಿಯನ್ನು ಮಾತ್ರ ಯಾವ ಯೋಚನೆಯೂ ಇಲ್ಲದೆ ಉಣ್ಣಿ, ಅಷ್ಟು ರುಚಿ. ಮತ್ತೆ ಮಳೆಗಾಲದಲ್ಲಿ ಜ್ವರ ಬಂದರೆ ಕಷಾಯ ಕುಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಈ ಕರಾವಳಿಯಲ್ಲಿ ಮಲೇರಿಯಾ, ಡೆಂಗ್ಯೂ, ಇಲಿಜ್ವರ ಮೂರೂ ಉಂಟು. ಕಷಾಯದಲ್ಲಿ ಜ್ವರ ಇಳಿಯಲಿ ಅಂತ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ನಿಮ್ಮ ಸೀರೆಯ ಅರಿಶಿನದ ಕಲೆ. ಸೋಪು ಹಾಕಿದ ಕೂಡಲೇ ಕಲೆ ಕೆಂಪಾದರೆ ಹೆದರಬೇಡಿ. ಆರತಿ ನೀರಿಗೆ ಸುಣ್ಣ ಹಾಕಿದಾಗ ಅರಿಶಿನ ಕೆಂಪಾಗುತ್ತದಲ್ಲ, ಅದೇ ಇದು. ಚೆನ್ನಾಗಿ ತೊಳೆದರೆ ಮತ್ತೆ ಹಳದಿಗೆ ಬರುತ್ತದೆ. ಸೋಪು ಪೂರ್ತಿ ಹೋದ ಮೇಲೆ, ಸೀರೆ ಒದ್ದೆ ಇರುವಾಗಲೇ ಕಲೆ ಮೇಲೆ ಬರುವ ಹಾಗೆ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಒಂದು ಬಿಸಿಲಿಗೆ ಹೋಗದಿದ್ದರೆ ಮರುದಿನ ಒದ್ದೆ ಮಾಡಿ ಇನ್ನೊಂದು. ಮಳೆ ಹಿಡಿಯುವ ಮೊದಲು ಮಾಡಿ ಮುಗಿಸಿ, ಆಮೇಲೆ ಇಲ್ಲಿ ಬಿಸಿಲು ಸಿಗುವುದು ಕಷ್ಟ.