8 ಆಂಗ್‌ಸ್ಟ್ರಾಮೋ 4.5 ಆಂಗ್‌ಸ್ಟ್ರಾಮೋ? ಪ್ರೋಟೀನ್‌ನಲ್ಲಿ ಯಾವ ರೆಸಿಡ್ಯೂ ಯಾವುದನ್ನು ಮುಟ್ಟಿದೆ ಅಂತ ಹೇಗೆ ಹೇಳೋದು

ನಿಮ್ಮ ಪ್ರಶ್ನೆ ಇಷ್ಟು: ಕೈಯಲ್ಲಿ ಒಂದು ಪಿಡಿಬಿ ಫೈಲ್ (ಪ್ರೋಟೀನ್‌ನ ಪರಮಾಣುಗಳು ಎಲ್ಲೆಲ್ಲಿವೆ ಅಂತ ಬರೆದಿಟ್ಟ ಫೈಲ್) ಇದೆ, ಅದರಲ್ಲಿ ಯಾವ ಅಮೈನೋ ಆಮ್ಲ (ಪ್ರೋಟೀನ್ ಸರಪಳಿಯೊಳಗೆ ಸೇರಿದಾಗ ಅದಕ್ಕೇ ರೆಸಿಡ್ಯೂ ಅನ್ನೋದು) ಯಾವುದರ ಜೊತೆ ಕಾಂಟ್ಯಾಕ್ಟ್‌ನಲ್ಲಿದೆ ಅಂತ ಪಟ್ಟಿ ಮಾಡಬೇಕು. ಒಂದು ಪೇಪರ್ 8 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ನ್ಯಾನೊಮೀಟರ್‌ನ ಹತ್ತನೇ ಒಂದು ಭಾಗ) ಅನ್ನುತ್ತದೆ, ಇನ್ನೊಂದು 4.5 ಅನ್ನುತ್ತದೆ. ಯಾವುದು ಸರಿ?

ಎರಡೂ ಸರಿ. ಅವು ಅಳೆಯುತ್ತಿರುವುದೇ ಬೇರೆ ಬೇರೆ.

8 ಅಂದಾಗ ಸಾಮಾನ್ಯವಾಗಿ ಒಂದು ರೆಸಿಡ್ಯೂವಿನ ಸಿ-ಬೀಟಾದಿಂದ (ಸರಪಳಿಯಿಂದ ಹೊರಚಾಚಿದ ತೋಳಿನ, ಅಂದರೆ ಸೈಡ್ ಚೈನ್‌ನ, ಮೊದಲ ಕಾರ್ಬನ್) ಇನ್ನೊಂದರ ಸಿ-ಬೀಟಾಗೆ ಇರುವ ದೂರ. ಗ್ಲೈಸಿನ್‌ಗೆ ಸಿ-ಬೀಟಾ ಇಲ್ಲ, ಹಾಗಾಗಿ ಅಲ್ಲಿ ಸಿ-ಆಲ್ಫಾ (ತೋಳು ಹೊರಡುವ ಜಾಗದ, ಸರಪಳಿಯಲ್ಲೇ ಇರುವ ಕಾರ್ಬನ್) ತೆಗೆದುಕೊಳ್ಳುತ್ತಾರೆ. ಪ್ರೋಟೀನ್ ಆಕಾರ ಊಹಿಸುವ ಕ್ಯಾಸ್ಪ್ ಸ್ಪರ್ಧೆಯಲ್ಲಿ ಬಳಸುವುದು ಇದೇ ಲೆಕ್ಕ. 4.5 ಅಂದರೆ ಎರಡು ರೆಸಿಡ್ಯೂಗಳ ಯಾವುದಾದರೂ ಎರಡು ಪರಮಾಣುಗಳು (ಹೈಡ್ರೋಜನ್ ಬಿಟ್ಟು) ಅಷ್ಟು ಹತ್ತಿರ ಬಂದಿವೆಯಾ ಅನ್ನೋದು. ಇಬ್ಬರ ಹೆಗಲುಗಳ ನಡುವೆ ಎಷ್ಟು ದೂರ ಅಂತ ಅಳೆಯೋದು ಒಂದು, ಅವರ ಕೈಗೆ ಕೈ ತಾಕಿದೆಯಾ ಅಂತ ನೋಡೋದು ಇನ್ನೊಂದು, ಅಲ್ವಾ? ಲೈಸಿನ್, ಆರ್ಜಿನಿನ್‌ಗಳ ತೋಳು ಉದ್ದ. ಅವು ಆಸ್ಪಾರ್ಟೇಟ್ ಅಥವಾ ಗ್ಲುಟಮೇಟ್ ಜೊತೆ ಒಳ್ಳೆಯ ಸಾಲ್ಟ್ ಬ್ರಿಜ್ (ಧನ ಮತ್ತು ಋಣ ಆವೇಶಗಳ ಸೆಳೆತದ ಬಂಧ) ಕಟ್ಟಿಕೊಂಡಿದ್ದರೂ ಸಿ-ಬೀಟಾಗಳ ದೂರ 8 ದಾಟಿರಬಹುದು. ಉಲ್ಟಾ ಕೂಡ ಆಗುತ್ತದೆ: ಸಿ-ಬೀಟಾಗಳು 7ರಲ್ಲೇ ಇದ್ದರೂ ಸೈಡ್ ಚೈನ್‌ಗಳು ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡಿರುತ್ತವೆ.

ಹಾಗಾಗಿ ನನ್ನ ರೂಢಿ ಹೀಗೆ. ಇಡೀ ಪ್ರೋಟೀನ್ ಹೇಗೆ ಮಡಚಿಕೊಂಡಿದೆ, ಎರಡು ರಚನೆಗಳಿಗೆ ಎಷ್ಟು ಹೋಲಿಕೆ ಇದೆ ಅಂತ ನೋಡಬೇಕಿದ್ದರೆ ಸಿ-ಬೀಟಾ 8. ಈ ಮ್ಯುಟೇಶನ್‌ನಿಂದ ಏನು ಕೆಡುತ್ತದೆ, ಈ ಎರಡು ಚೈನ್‌ಗಳನ್ನು (ಅಮೈನೋ ಆಮ್ಲಗಳ ಸರಪಳಿಗಳನ್ನು) ಅಂಟಿಸಿ ಹಿಡಿದಿರುವುದು ಏನು ಅನ್ನುವ ಪ್ರಶ್ನೆ ಇದ್ದರೆ ಪರಮಾಣು ಲೆಕ್ಕದ 4.5. ಅಲ್ಲಿಂದ ಮುಂದೆ ಬಂಧದ ಜಾತಿ ನೋಡಿ ಇನ್ನೂ ಬಿಗಿ ಮಾಡಬೇಕು: ಹೈಡ್ರೋಜನ್ ಬಾಂಡ್ ಅನ್ನಬೇಕಾದರೆ ನೈಟ್ರೋಜನ್-ಆಕ್ಸಿಜನ್ ದೂರ 3.5ರೊಳಗೆ ಇದ್ದು ಕೋನವೂ ಹೊಂದಬೇಕು, ಸಾಲ್ಟ್ ಬ್ರಿಜ್‌ಗೆ 4, ಡೈಸಲ್ಫೈಡ್ ಆದರೆ ಎರಡು ಸಲ್ಫರ್‌ಗಳ ನಡುವೆ ಸುಮಾರು 2.05.

ಒಂದು ಉದಾಹರಣೆ ಹಿಡಿದುಕೊಂಡು ನೋಡೋಣ. ಸಿಕಲ್ ಸೆಲ್ ಹಿಮೋಗ್ಲೋಬಿನ್. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಆದಿವಾಸಿ ಸಮುದಾಯಗಳಲ್ಲೂ ಇರುವ ಕಾಯಿಲೆ ಇದು. ಬೀಟಾ ಚೈನ್‌ನ 6ನೇ ಜಾಗದಲ್ಲಿ ಗ್ಲುಟಮೇಟ್ ಇರಬೇಕಿತ್ತು, ವ್ಯಾಲಿನ್ ಬಂದಿದೆ, ಅಷ್ಟೇ. ಈಗ ನೀವು ಮಾಮೂಲಿ ಹಿಮೋಗ್ಲೋಬಿನ್‌ನ 4ಎಚ್‌ಎಚ್‌ಬಿ ಫೈಲ್ ತೆಗೆದು 6ನೇ ರೆಸಿಡ್ಯೂವಿನ ಕಾಂಟ್ಯಾಕ್ಟ್ ಹುಡುಕಿದರೆ ಪಟ್ಟಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಬರುವುದಿಲ್ಲ. ಅದು ಮೇಲ್ಮೈಯಲ್ಲಿ ನೀರಿಗೆ ಮುಖ ಮಾಡಿ ನಿಂತಿದೆ. ಇಂಥ ಜಾಗ ಬದಲಾದರೆ ಏನು ಮಹಾ ಅನ್ನಿಸುತ್ತದೆ. ಆದರೆ 1997ರಲ್ಲಿ ಪ್ರಕಟವಾದ 2ಎಚ್‌ಬಿಎಸ್ ಫೈಲ್ ತೆರೆಯಿರಿ, ಅದು ಆಕ್ಸಿಜನ್ ಇಲ್ಲದ ಸಿಕಲ್ ಹಿಮೋಗ್ಲೋಬಿನ್, 2.05 ಆಂಗ್‌ಸ್ಟ್ರಾಮ್ ರೆಸಲ್ಯೂಶನ್, ಒಳಗೆ ಎರಡು ಪೂರ್ತಿ ಟೆಟ್ರಾಮರ್‌ಗಳು (ನಾಲ್ಕು ಚೈನ್ ಸೇರಿ ಆದ ಒಂದೊಂದು ಹಿಮೋಗ್ಲೋಬಿನ್ ಅಣು), ಅಂದರೆ ಒಟ್ಟು 8 ಚೈನ್. ಇಲ್ಲಿ ಒಂದು ಟೆಟ್ರಾಮರ್‌ನ ವ್ಯಾಲಿನ್ 6 ಪಕ್ಕದ ಟೆಟ್ರಾಮರ್‌ನ ಬೀಟಾ ಚೈನ್‌ನಲ್ಲಿರುವ ಒಂದು ಗುಳಿಗೆ ಹೋಗಿ ಕೂರುತ್ತದೆ. ಆ ಗುಳಿಯಲ್ಲಿ ಇರುವುದು ಫಿನೈಲಾಲನಿನ್ 85, ಲ್ಯೂಸಿನ್ 88. ಹೀಗೆ ಒಂದಕ್ಕೊಂದು ಅಂಟುತ್ತಾ ಹೋಗಿ ಉದ್ದನೆ ನಾರು ಬೆಳೆಯುತ್ತದೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ.

ಇದರಲ್ಲಿ ಗಮನಿಸಬೇಕಾದ್ದು ಎರಡಿದೆ. ಒಂದು, ಒಂದೇ ಟೆಟ್ರಾಮರ್ ಇಟ್ಟುಕೊಂಡು ಎಷ್ಟೇ ಜಾಣ ಕಟ್‌ಆಫ್ ಹಾಕಿದರೂ ಈ ಕಾಂಟ್ಯಾಕ್ಟ್ ಸಿಗುವುದಿಲ್ಲ. ಕಾಂಟ್ಯಾಕ್ಟ್ ಎರಡು ಅಣುಗಳ ನಡುವೆ ಇದೆ. ಈ ರಚನೆ ಅಳೆದದ್ದು ಪ್ರೋಟೀನ್‌ನ ಸ್ಫಟಿಕದಿಂದ, ಹಾಗಾಗಿ ಸ್ಫಟಿಕದಲ್ಲಿ ಅಕ್ಕಪಕ್ಕದ ಪ್ರತಿಗಳನ್ನೂ (ರಚನೆ ತೋರಿಸುವ ಪೈಮಾಲ್ ಸಾಫ್ಟ್‌ವೇರ್‌ನಲ್ಲಿ ಸಿಮೆಟ್ರಿ ಮೇಟ್ಸ್ ಅಂತ ಇದೆ ನೋಡಿ) ತರಿಸಿಕೊಂಡೇ ಲೆಕ್ಕ ಹಾಕಬೇಕು. ಹಾಗಂತ ಹೀಗೆ ಸಿಕ್ಕಿದ್ದೆಲ್ಲ ಜೀವಕೋಶದಲ್ಲೂ ಇದೆ ಅಂತ ನಂಬಬೇಡಿ. ಎಷ್ಟೋ ಕಾಂಟ್ಯಾಕ್ಟ್‌ಗಳು ಸ್ಫಟಿಕದಲ್ಲಿ ಒತ್ತಾಗಿ ಜೋಡಿಸಿದ್ದರಿಂದ ಸುಮ್ನೆ ಆದವು. ಎರಡನೆಯದು, ಪ್ರತಿ ಟೆಟ್ರಾಮರ್‌ನಲ್ಲಿ ಎರಡು ವ್ಯಾಲಿನ್ 6 ಇವೆ, ಆದರೆ ಗುಳಿಗೆ ಕೂರುವುದು ಒಂದೇ. ಸ್ಕ್ರಿಪ್ಟ್ ಬರೆದು ಎಲ್ಲ ಬೀಟಾ ಚೈನ್‌ಗಳ ಸರಾಸರಿ ತೆಗೆದುಬಿಟ್ಟರೆ ನಿಮಗೆ ಬೇಕಾದ ವಿಷಯವೇ ಅರ್ಧ ಕರಗಿಹೋಗುತ್ತದೆ. ಚೈನ್ ಪ್ರಕಾರ ಬೇರೆ ಬೇರೆಯಾಗಿಯೇ ಇಡಿ.

ಇಂಥ ಪಟ್ಟಿ ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡೋದು ಹೇಗೆ ಅಂದರೆ, ಆ ಜಾಗದಲ್ಲಿ ಮ್ಯುಟೇಶನ್ ಆದವರದ್ದೋ ಮಾಡಿದವರದ್ದೋ ಮಾಹಿತಿ ಹುಡುಕಿ. ಇಲ್ಲಿ ಅದು ಚೆನ್ನಾಗಿಯೇ ಸಿಗುತ್ತದೆ. 85 ಮತ್ತು 88ರ ನಡುವೆ 87ನೇ ಜಾಗದಲ್ಲಿ ಥ್ರಿಯೊನಿನ್ ಇದೆ. ಹುಟ್ಟುವ ಮುಂಚಿನ ಹಿಮೋಗ್ಲೋಬಿನ್‌ನ ಗಾಮಾ ಚೈನ್‌ನಲ್ಲಿ ಅದೇ ಜಾಗಕ್ಕೆ ಗ್ಲುಟಮಿನ್ ಇರುತ್ತದೆ, ಆ ಹಿಮೋಗ್ಲೋಬಿನ್ ನಾರು ಕಟ್ಟಲು ಅಡ್ಡಿ ಮಾಡುತ್ತದೆ. ಡಿಸೆಂಬರ್ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಿಫ್‌ಜೀನಿಯಾ ಜೀನ್ ಚಿಕಿತ್ಸೆಯಲ್ಲಿ ರೋಗಿಗೆ ಸೇರಿಸುವ ಬೀಟಾ ಗ್ಲೋಬಿನ್ ಜೀನ್‌ನಲ್ಲಿ ಮಾಡಿರುವ ಬದಲಾವಣೆಯೂ ಅದೇ, 87ರಲ್ಲಿ ಥ್ರಿಯೊನಿನ್ ಬದಲು ಗ್ಲುಟಮಿನ್.

ನಂಬರ್ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಹೊಸ ಜೀನ್ ರಿಪೋರ್ಟ್‌ಗಳಲ್ಲಿ ಈ 6ನ್ನು 7 ಅಂತ ಬರೆಯುತ್ತಾರೆ, ಯಾಕೆಂದರೆ ಶುರುವಿನ ಮೆಥಿಯೊನಿನ್ ಕೂಡ ಎಣಿಸುತ್ತಾರೆ. ಪಿಡಿಬಿ ನಂಬರ್, ಯೂನಿಪ್ರಾಟ್ (ಪ್ರೋಟೀನ್‌ಗಳ ಡೇಟಾಬೇಸ್) ನಂಬರ್ ಹೊಂದಿಸದೆ ಕಾಂಟ್ಯಾಕ್ಟ್ ಪಟ್ಟಿಗೆ ಮ್ಯುಟೇಶನ್ ಪಟ್ಟಿ ಜೋಡಿಸಿದರೆ ಎಲ್ಲವೂ ಒಂದೊಂದು ಜಾಗ ಜರುಗಿ ಕೂರುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ.

ಲೆಕ್ಕ ಶುರು ಮಾಡುವ ಮುಂಚೆ ಫೈಲ್ ಸ್ವಲ್ಪ ಶುಚಿ ಮಾಡಿಕೊಳ್ಳಿ. ಒಂದೇ ಸೈಡ್ ಚೈನ್ ಎರಡು ಭಂಗಿಯಲ್ಲಿ ದಾಖಲಾಗಿದ್ದರೆ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಸೈಡ್ ಚೈನ್ ಕಾಣದೆ ಬಿಟ್ಟುಹೋದ ರೆಸಿಡ್ಯೂಗಳಿರುತ್ತವೆ, ಅಲ್ಲಿ ಕಾಂಟ್ಯಾಕ್ಟ್ ಇಲ್ಲ ಅಂತಲ್ಲ, ಮಾಹಿತಿ ಇಲ್ಲ ಅಂತ. ಸರಪಳಿಯಲ್ಲಿ ಪಕ್ಕಪಕ್ಕದವು ಹೇಗೂ ಮುಟ್ಟಿಕೊಂಡೇ ಇರುತ್ತವೆ: ಅಕ್ಕಪಕ್ಕದ ಸಿ-ಆಲ್ಫಾಗಳ ದೂರ ಸುಮಾರು 3.8, ಆಲ್ಫಾ ಹೀಲಿಕ್ಸ್‌ನಲ್ಲಂತೂ ಪ್ರತಿ ರೆಸಿಡ್ಯೂ ತನ್ನಿಂದ ನಾಲ್ಕನೆಯದರ ಜೊತೆ ಬಂಧ ಕಟ್ಟಿಕೊಂಡಿರುತ್ತದೆ. ಇವನ್ನೆಲ್ಲ ತೆಗೆಯದೇ ಎಣಿಸಿದರೆ ಸಂಖ್ಯೆ ಜಾಸ್ತಿ ಬರುತ್ತದೆ, ತಿಳಿಯುವುದು ಏನೂ ಇಲ್ಲ. ನಾನು ಸಾಮಾನ್ಯವಾಗಿ ಎರಡರ ನಡುವೆ ಕನಿಷ್ಠ 4 ರೆಸಿಡ್ಯೂ ಬಿಟ್ಟೇ ಎಣಿಸುತ್ತೇನೆ. ಕ್ಯಾಸ್ಪ್‌ನಲ್ಲಿ 24 ಅಥವಾ ಅದಕ್ಕಿಂತ ಜಾಸ್ತಿ ಅಂತರ ಇದ್ದರೆ ಮಾತ್ರ ಲಾಂಗ್ ರೇಂಜ್ ಅನ್ನುತ್ತಾರೆ. ಚೈನ್‌ಗಳ ನಡುವಿನ ಕಾಂಟ್ಯಾಕ್ಟ್‌ಗೆ ಈ ಅಂತರದ ಷರತ್ತು ಹಾಕಬೇಡಿ, ಅಲ್ಲಿ ಅದಕ್ಕೆ ಅರ್ಥವಿಲ್ಲ.

ಇನ್ನೊಂದು ತೊಂದರೆ, ದೊಡ್ಡ ರೆಸಿಡ್ಯೂಗಳಿಗೆ ಪರಮಾಣು ಜಾಸ್ತಿ, ಹಾಗಾಗಿ ಟ್ರಿಪ್ಟೊಫಾನ್ ಯಾವಾಗಲೂ ಪಟ್ಟಿಯ ಮೇಲ್ಗಡೆ ಬರುತ್ತದೆ. ಇದಕ್ಕೆ ನನಗೆ ಇಷ್ಟವಾದ ಪರಿಹಾರ ಬೆಂಗಳೂರಿನ ಐಐಎಸ್‌ಸಿಯ ಸರಸ್ವತಿ ವಿಶ್ವೇಶ್ವರ ಅವರ ಗುಂಪಿನದು. ಎರಡು ರೆಸಿಡ್ಯೂಗಳ ನಡುವೆ 4.5 ಒಳಗೆ ಬರುವ ಸೈಡ್ ಚೈನ್ ಪರಮಾಣು ಜೋಡಿಗಳನ್ನು ಎಣಿಸಿ, ಆ ಎರಡು ಜಾತಿಯ ಅಮೈನೋ ಆಮ್ಲಗಳಿಗೆ ಮೊದಲೇ ಲೆಕ್ಕ ಹಾಕಿಟ್ಟ ಒಂದೊಂದು ಸಂಖ್ಯೆಯ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ, 100ರಿಂದ ಗುಣಿಸುತ್ತಾರೆ. ಬರುವುದು ಬಂಧ ಎಷ್ಟು ಗಟ್ಟಿ ಅನ್ನುವ ಅಂಕಿ. ಹೌದು ಅಥವಾ ಇಲ್ಲ ಅನ್ನುವ ಪಟ್ಟಿಗಿಂತ ಇದು ಎಷ್ಟೋ ವಾಸಿ, ಮತ್ತು ಇದರ ಮೇಲೆ ನೆಟ್‌ವರ್ಕ್ ಕಟ್ಟಿ ಯಾವ ರೆಸಿಡ್ಯೂ ನಡುಮಧ್ಯದಲ್ಲಿದೆ ಅಂತಲೂ ನೋಡಬಹುದು.

ಟೂಲ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪೈಥಾನ್ ಬರುತ್ತದೆ ಅಂದರೆ ಬಯೋಪೈಥಾನ್‌ನ ನೇಬರ್‌ಸರ್ಚ್ ಸಾಕು. ಬರಲ್ಲ ಅಂದರೆ ರಚನೆ ತೋರಿಸುವ ಕೈಮೆರಾಎಕ್ಸ್‌ನಲ್ಲಿ ಕಾಂಟ್ಯಾಕ್ಟ್ಸ್ ಕಮಾಂಡ್ ಇದೆ, ಆದರೆ ನೀವು ಬೇರೆ ಹೇಳದಿದ್ದರೆ ಅದು ನೇರ ದೂರ ನೋಡುವುದಿಲ್ಲ, ಪರಮಾಣುಗಳ ವ್ಯಾನ್ ಡರ್ ವಾಲ್ಸ್ ತ್ರಿಜ್ಯ ಹಿಡಿದು ಎಷ್ಟು ಒತ್ತಿಕೊಂಡಿವೆ ಅಂತ ನೋಡುತ್ತದೆ, ಹಾಗಾಗಿ ಬಯೋಪೈಥಾನ್ ಪಟ್ಟಿಗೂ ಅದಕ್ಕೂ ತಾಳೆ ಆಗದಿದ್ದರೆ ಗಾಬರಿ ಬೇಡ. ಸಿಮ್ಯುಲೇಶನ್ ಫೈಲ್‌ಗೆ ಎಂಡಿಟ್ರಾಜ್ ಬಳಸುವವರು ನೆನಪಿಡಿ, ಅದು ನ್ಯಾನೊಮೀಟರ್‌ನಲ್ಲಿ ಲೆಕ್ಕ ಮಾಡುತ್ತದೆ. 4.5 ಅಂತ ಕೊಟ್ಟರೆ 45 ಆಂಗ್‌ಸ್ಟ್ರಾಮ್ ಆಗಿ, ಪ್ರೋಟೀನ್‌ನಲ್ಲಿ ಎಲ್ಲವೂ ಎಲ್ಲವನ್ನೂ ಮುಟ್ಟಿದಂತೆ ಕಾಣುತ್ತದೆ. 0.45 ಕೊಡಬೇಕು.

ನಿಮ್ಮ ಫೈಲ್ ಪ್ರಯೋಗದಿಂದ ಬಂದದ್ದೋ ಆಲ್ಫಾಫೋಲ್ಡ್ (ಪ್ರೋಟೀನ್ ಆಕಾರ ಊಹಿಸುವ ಎಐ) ಮಾಡಿದ್ದೋ ಅಂತ ನೀವು ಬರೆದಿಲ್ಲ. ಆಲ್ಫಾಫೋಲ್ಡ್‌ದಾದರೆ ಬಿ-ಫ್ಯಾಕ್ಟರ್ ಕಾಲಮ್‌ನಲ್ಲಿ ಇರುವುದು ಪಿಎಲ್‌ಡಿಡಿಟಿ ಅಂಕ, ಅಂದರೆ ಆ ಜಾಗದ ಊಹೆಯನ್ನು ಎಷ್ಟು ನಂಬಬಹುದು ಅನ್ನುವ, 100ಕ್ಕೆ ಕೊಡುವ ಅಂಕ. 70ಕ್ಕಿಂತ ಕಡಿಮೆ ಇರುವ ಭಾಗದ ಕಾಂಟ್ಯಾಕ್ಟ್‌ಗಳನ್ನು ನಾನಾದರೆ ಪಟ್ಟಿಗೆ ಸೇರಿಸುವುದೇ ಇಲ್ಲ. ಎರಡು ಡೊಮೇನ್‌ಗಳ (ಪ್ರೋಟೀನ್‌ನಲ್ಲಿ ಬೇರೆ ಬೇರೆಯಾಗಿ ಮಡಚಿಕೊಂಡ ಭಾಗಗಳ) ನಡುವಿನದ್ದಾದರೆ ಪಿಎಇ ಚಿತ್ರವನ್ನೂ (ಒಂದಕ್ಕೆ ಹೋಲಿಸಿ ಇನ್ನೊಂದರ ಜಾಗ ಎಷ್ಟು ತಪ್ಪಿರಬಹುದು ಅನ್ನುವ ಅಂದಾಜು) ನೋಡಿ, ಅಲ್ಲಿ ದೋಷ ದೊಡ್ಡದಿದ್ದರೆ ಆ ಡೊಮೇನ್‌ಗಳು ಅಕ್ಕಪಕ್ಕ ಬಂದಿರುವುದನ್ನು ನೆಚ್ಚಿಕೊಳ್ಳಬೇಡಿ. ಪಿಡಿಬಿ ಐಡಿ ಇದ್ದರೆ ಕಾಮೆಂಟ್‌ನಲ್ಲಿ ಹಾಕಿ, ಯಾವ ಚೈನ್‌ಗಳನ್ನು ಇಟ್ಟುಕೊಳ್ಳಬೇಕು ಅಂತ ನೋಡಿ ಹೇಳುತ್ತೇನೆ.